ಹುಳದ ಮೈ ಓದಿದವರು

ಉಯ್ಯಂಬಳ್ಳಿಯ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಚಿತ್ರವಿದೆ. ಬಂದವರು ನಿಂತು ನೋಡಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೇಕೆದಾಟಿನ ಬಂಡೆಯಲ್ಲಿ ನೀರು ಕೊರೆದ ಗುಳಿಗಳು ಅನ್ನುವವರುಂಟು. ಒಣಗಿದ ಕೆರೆಯಂಗಳದ ಹೆಜ್ಜೆ ಗುರುತು ಅಂದವರೂ ಇದ್ದಾರೆ. ಅದು ರೇಷ್ಮೆ ಮೊಟ್ಟೆ ಹಾಳೆಯ ಒಂದು ಮೂಲೆ, ಹೆಬ್ಬೆರಳ ಉಗುರಿನಷ್ಟು ಜಾಗ. ಒಂದೊಂದು ಮೊಟ್ಟೆ ಸುಮಾರು ಒಂದು ಮಿಲಿಮೀಟರ್. ಬಿಳುಪಾಗಿ ಆಚೆಬದಿ ಕಾಣುವಂತಿರುವವು ಮರಿ ಹೊರಟುಹೋದ ಬರೀ ಚಿಪ್ಪು, ಕಪ್ಪಗಿರುವವು ಇನ್ನೂ ಒಡೆಯದವು. ನಡುವೆ ಒಂದೇ ಒಂದು ಮೊಟ್ಟೆಯ ಅಂಚಿನಲ್ಲಿ ತೂತು ಬಿದ್ದಿದೆ, ಆ ತೂತಿನಿಂದ ಒಂದು ತಲೆ ಈಚೆಗೆ ಬರುತ್ತಿದೆ. 1988ರ ಒಂದು ಬೆಳಗ್ಗೆ ನಾನು ತೆಗೆದ ಚಿತ್ರ ಅದು.

ನಾನು ಸ್ಟುಡಿಯೋ ಇಟ್ಟವಳಲ್ಲ. ಮೂವತ್ತೇಳು ವರ್ಷ ಬಿತ್ತನೆ ಕೋಠಿಯೊಂದರಲ್ಲಿ ಚಿಟ್ಟೆ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಮಾಡಿದವಳು. ಚಿಕ್ಕಚಿಕ್ಕದನ್ನು ಇಷ್ಟು ಹತ್ತಿರದಿಂದ ತೆಗೆಯುವುದನ್ನು ಎಲ್ಲಿ ಕಲಿತೆ ಅಂತ ಈಗಿನ ಹುಡುಗರು ಕೇಳುತ್ತಾರೆ. ಕ್ಯಾಮೆರಾದಿಂದ ಕಲಿತದ್ದಲ್ಲ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆಯಲ್ಲಿ ಹತ್ತಿರದಿಂದ ನೋಡುವುದೇ ಒಂದು ಕಸುಬು. ಕ್ಯಾಮೆರಾ ಆ ಕಸುಬಿಗೆ ಬಹಳ ತಡವಾಗಿ ಬಂದು ಸೇರಿದ್ದು.

ನನಗೆ ಮೊದಲು ಕಲಿಸಿದವಳು ಅವ್ವ. ಹುಳು ಜ್ವರಕ್ಕೆ ಕೂರುವ ಹೊತ್ತನ್ನು ಅವಳು ತಟ್ಟೆಯ ಮೇಲೆ ಬಗ್ಗಿ ಹೇಳುತ್ತಿದ್ದಳು. ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅಂತಲೇ ಹೆಸರು. ಮೊಟ್ಟೆಯಿಂದ ಬಂದ ಮರಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ಆಗ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಲ್ಲುತ್ತದೆ. ಮೈ ಬಿಗಿಯಾಗಿ ಹೊಳೆಯುತ್ತದೆ. ಹಳೆ ತಲೆಯ ಹಿಂದೆ ಕಂದು ಬಣ್ಣದ ಒಂದು ಸಣ್ಣ ಮುಮ್ಮೂಲೆ ಕಾಣಿಸಿಕೊಳ್ಳುತ್ತದೆ, ಹೊಸ ತಲೆ ಅಲ್ಲೇ ತಯಾರಾಗುತ್ತಿರುತ್ತದೆ. ಎದ್ದ ಹುಳುವಿನ ಮೈ ಮಂಕು, ಚರ್ಮ ಸಡಿಲ, ತಲೆ ಮಾತ್ರ ದೊಡ್ಡದು. ಎಲ್ಲ ಹುಳು ಏಳುವ ಮುಂಚೆ ಸೊಪ್ಪು ಹಾಕಿದರೆ ಮುಂದೆದ್ದವು ತಿಂದು ಬೆಳೆಯುತ್ತವೆ, ಹಿಂದುಳಿದವು ಹಿಂದೆಯೇ ಉಳಿಯುತ್ತವೆ, ತಟ್ಟೆಯೆಲ್ಲ ಏರುಪೇರು. ಅವ್ವ ಸೀಮೆಎಣ್ಣೆ ಬುಡ್ಡಿಯನ್ನು ಪಕ್ಕಕ್ಕೆ ಹಿಡಿದು, ಬೆಳಕು ಹುಳದ ಮೈಮೇಲೆ ಜಾರುವಂತೆ ಮಾಡಿ ನೋಡುತ್ತಿದ್ದಳು. ನೇರ ಬೆಳಕಿನಲ್ಲಿ ಹೊಳಪು ತಿಳಿಯುವುದಿಲ್ಲ, ಓರೆ ಬೆಳಕಿನಲ್ಲಿ ತಿಳಿಯುತ್ತದೆ. ಹತ್ತಿರದ ಚಿತ್ರ ತೆಗೆಯುವವರು ಇವತ್ತು ಮೊದಲು ಕಲಿಯುವ ಪಾಠವೂ ಇದೇ.

“ಹುಳ ಬಾಯ್ಬುಟ್ಟು ಹೇಳಕಿಲ್ಲ ಕಣ್ ಮಗ, ಮೈಯಲ್ಲೇ ಹೇಳ್ತದೆ. ನೀನು ಬಗ್ಗಿ ಕೇಳುಸ್ಕಬೇಕು” ಅನ್ನುತ್ತಿದ್ದಳು.

ಕೇಳಿಸಿಕೊಳ್ಳಲು ಬೇಕಾದಷ್ಟಿತ್ತು. ಹಾಲುತೊಂಡೆ ಬಂದರೆ ಗೆಣ್ಣುಗೆಣ್ಣಿನ ನಡುವೆ ಊದಿಕೊಂಡು, ಚರ್ಮ ಹಳದಿಗೆ ತಿರುಗಿ, ಹುಳು ನಿಂತಲ್ಲಿ ನಿಲ್ಲದೆ ತಟ್ಟೆಯ ಅಂಚಿಗೆ ಹೋಗುತ್ತದೆ, ಚುಚ್ಚಿದರೆ ಹಾಲಿನಂಥ ನೀರು. ಸಪ್ಪೆ ರೋಗದಲ್ಲಿ ಮೈ ಮೆತ್ತಗಾಗುತ್ತದೆ. ಸುಣ್ಣಕಟ್ಟು ಬಂದ ಹುಳು ಸತ್ತು ಸೀಮೆಸುಣ್ಣದ ಕಡ್ಡಿಯಂತೆ ಸೆಟೆದು ಬೆಳ್ಳಗಾಗುತ್ತದೆ. ಇವನ್ನೆಲ್ಲ ಅವ್ವ ಕಣ್ಣಿನಲ್ಲೇ ಹಿಡಿಯುತ್ತಿದ್ದಳು. ಅವಳ ಕಣ್ಣಿಗೂ ಸಿಕ್ಕದೆ ಉಳಿದದ್ದು ಗಂಟು ರೋಗ ಒಂದೇ. ಅದು ತಾಯಿಚಿಟ್ಟೆಯ ಹೊಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಮರಿ ಹುಟ್ಟುವಾಗಲೇ ಹೊತ್ತು ತಂದಿರುತ್ತದೆ. ಕಣ್ಣಿಗೆ ಕಾಣುವಷ್ಟರಲ್ಲಿ ಬೆಳೆ ಮುಗಿದಿರುತ್ತದೆ.

ನಮ್ಮ ಸೀಮೆಗೆ ಹುಳು ಬಂದದ್ದು ಟಿಪ್ಪುವಿನ ಕಾಲದಲ್ಲಿ. 1780ರ ದಶಕದಲ್ಲಿ ಅವನು ಬಂಗಾಳಕ್ಕೆ ಜನ ಕಳಿಸಿ ರೇಷ್ಮೆ ಹುಳು ತರಿಸಿ ಶ್ರೀರಂಗಪಟ್ಟಣದಲ್ಲಿ ಸಾಕಿಸಿದ. ಅಲ್ಲಿಂದ ಹಿಪ್ಪುನೇರಳೆ ಕಡ್ಡಿ ಹಬ್ಬಿತು. ಆಗ ಕಾನಕಾನಹಳ್ಳಿ ಎನ್ನಿಸಿಕೊಂಡಿದ್ದ ಕನಕಪುರಕ್ಕೂ, ಮುಂದೆ ಕ್ಲೋಸ್‌ಪೇಟೆ ಎಂದು ಹೆಸರಾದ ರಾಮನಗರಕ್ಕೂ, ಮಾಗಡಿ ಕುಣಿಗಲ್ ಕಡೆಗೂ ಅದು ಬಂತು. ಇಲ್ಲಿ ನೆಲೆಯಾದ ತಳಿಗೆ ಮೈಸೂರು ತಳಿ ಅಂತಲೇ ಹೆಸರಾಯಿತು. ಹಸಿರು ಬೆರೆತ ಹಳದಿ ಬಣ್ಣದ, ಮೊನಚು ತುದಿಯ ಚಿಕ್ಕ ಗೂಡು ಅದು. ವರ್ಷವಿಡೀ ಬೆಳೆ ಮೇಲೆ ಬೆಳೆ ಕೊಡುತ್ತದೆ, ಬಿಸಿಲು ತಡೆಯುತ್ತದೆ. ಬಿತ್ತನೆ ಗೂಡಿಗೆ ಮಾಗಡಿ, ಕುಣಿಗಲ್ಲು, ಬಿಡದಿ ಕಡೆಯವರು ಇವತ್ತಿಗೂ ಹೆಸರುವಾಸಿ.

ಹತ್ತೊಂಬತ್ತನೇ ಶತಮಾನದ ನಡುವಿಗೆ ಹುಳಕ್ಕೆ ಕಾಯಿಲೆ ಹತ್ತಿತು. ಫ್ರಾನ್ಸ್, ಇಟಲಿಗಳ ರೇಷ್ಮೆ ಸೀಮೆಗಳೂ ಅದೇ ಹೊತ್ತಿಗೆ ನೆಲಕಚ್ಚಿದ್ದವು. ನಾವು ಗಂಟು ರೋಗ ಅನ್ನುವ ಅದನ್ನೇ ದಕ್ಷಿಣ ಫ್ರಾನ್ಸಿನಲ್ಲಿ ಪೆಬ್ರಿನ್ ಅಂತ ಕರೆದರು. ಆ ಸೀಮೆಯ ಮಾತಿನಲ್ಲಿ ಮೆಣಸಿಗಿರುವ ಹೆಸರಿನಿಂದ ಬಂದ ಪದ ಅದು, ಹುಳದ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ ಏಳುತ್ತಿದ್ದುದರಿಂದ. ಅಲ್ಲಿಯೂ ಹೆಸರಿಟ್ಟದ್ದು ಬಗ್ಗಿ ನೋಡಿದವರೇ. ಎಂಥ ಹೆಂಗಸು ಯಾವ ಅಡುಗೆಮನೆಯಿಂದ ಎದ್ದು ಬಂದು ಅದನ್ನು ಮೊದಲು ಮೆಣಸು ಎಂದಳೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1865ರಲ್ಲಿ ಲೂಯಿ ಪಾಶ್ಚರ್ ಅಲೆಸ್ ಎಂಬ ಊರಿಗೆ ಬಂದ. ಅಲ್ಲಿಯವರೆಗೆ ಅವನು ರೇಷ್ಮೆ ಹುಳು ಸಾಕಿದವನಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ಉದ್ದುರುಟು ಕಣಗಳೇ ರೋಗಕ್ಕೆ ಕಾರಣ ಅಂತ ಅವನು ಮೊದಮೊದಲು ಒಪ್ಪಲೂ ಇಲ್ಲ. ಒಂದೆರಡು ವರ್ಷ ತಪ್ಪು ದಾರಿಯಲ್ಲಿ ನಡೆದು, ಆಮೇಲೆ ತಿದ್ದಿಕೊಂಡ. ಹೆಂಡತಿ, ಮಗಳು ಅವನೊಡನೆ ಹುಳು ಮೇಯಿಸಿದರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತರೂ ಕೆಲಸ ಬಿಡಲಿಲ್ಲ. 1870ರಲ್ಲಿ ಪುಸ್ತಕ ಬಂತು. ಅವನು ಕಂಡುಕೊಂಡ ದಾರಿ ಒಂದು ಸಾಲಿನಷ್ಟು ಸರಳ: ಒಂದೊಂದು ಹೆಣ್ಣು ಚಿಟ್ಟೆಯನ್ನೂ ಬೇರೆ ಬೇರೆ ಮೊಟ್ಟೆ ಇಡಿಸು, ಇಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ಕಣ ಕಂಡರೆ ಅದರ ಮೊಟ್ಟೆ ಸುಡು. ಹಳ್ಳಿಯವರ ಕೈಗೆ ಸೂಕ್ಷ್ಮದರ್ಶಕ ಕೊಡುವುದು ಆಗದ ಮಾತು ಎಂದು ವಿರೋಧಿಗಳು ತಕರಾರು ತೆಗೆದಾಗ, ತನ್ನ ಪ್ರಯೋಗಶಾಲೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಸಲೀಸಾಗಿ ಇದನ್ನು ಮಾಡುತ್ತಾಳೆ ಅಂತ ಅವನು ಉತ್ತರ ಕೊಟ್ಟನಂತೆ. ಪಾಶ್ಚರನ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದವಳು ಆ ಹುಡುಗಿ. ನಾವೆಲ್ಲ ಅವಳ ವಂಶದವರು.

ಪಾಶ್ಚರನ ಆ ದಾರಿ ಮೈಸೂರಿಗೆ ಬರಲು ಕಾಲ ಹಿಡಿಯಿತು. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ಹಾಳೆ ತರಿಸಿ ಇಲ್ಲಿನ ತಳಿಯನ್ನು ಉಳಿಸಲು ನೋಡಿದರು, ಕೈಗೂಡಲಿಲ್ಲ. 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ಫಾರಂ ಹೂಡಿದರು, ಬಸವನಗುಡಿ ಪಕ್ಕದ ಬಡಾವಣೆಗೆ ಈಗಲೂ ಟಾಟಾ ಸಿಲ್ಕ್ ಫಾರಂ ಅಂತಲೇ ಹೆಸರು. 1914ರ ಸುಮಾರಿಗೆ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರ ನೆರವಿನಿಂದ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ರೇಷ್ಮೆ ಇಲಾಖೆಯನ್ನು ಕಟ್ಟಿ ಬೆಳೆಸಿದವರು ನವರತ್ನ ರಾಮರಾಯರು, ‘ಕೆಲವು ನೆನಪುಗಳು’ ಬರೆದವರೇ. ಆ ಪುಸ್ತಕ ಓದಿದವರಿಗೆ ಗೊತ್ತು, ಮನುಷ್ಯರ ಮುಖದ ಚಿಕ್ಕ ಗೆರೆಯನ್ನೂ ಬಿಡದೆ ನೋಡಿದ ಕಣ್ಣು ಅವರದು. ಹುಳದ ಇಲಾಖೆಗೆ ಅಂಥ ಕಣ್ಣಿನವರೇ ಸಿಕ್ಕಿದ್ದು ನಮ್ಮ ರೈತರ ಪುಣ್ಯ.

ನಾನು ಕೋಠಿಗೆ ಸೇರಿದ್ದು 1983ರಲ್ಲಿ. ಉದ್ದದ ಕೋಣೆ, ಕಿಟಕಿಯ ಸಾಲಿಗೆ ಮೇಜು, ಮೇಜಿನ ಮೇಲೆ ಸೂಕ್ಷ್ಮದರ್ಶಕಗಳು, ಅವುಗಳ ಮುಂದೆ ಬಹುಪಾಲು ಹೆಂಗಸರೇ. ಬೆಳಗ್ಗೆ ಗೂಡಿನಿಂದ ಚಿಟ್ಟೆ ಏಳುತ್ತವೆ. ಗಂಡುಹೆಣ್ಣು ಜೋಡಿಸಿ, ಮೂರ್ನಾಲ್ಕು ಗಂಟೆ ಬಿಟ್ಟು ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಒಂದೊಂದು ಪುಟ್ಟ ಮುಚ್ಚಳದಡಿ ಕೂರಿಸುತ್ತೇವೆ. ಒಂದೊಂದು ಹೆಣ್ಣು ನಾನೂರು, ಐನೂರು ಮೊಟ್ಟೆ ಇಡುತ್ತದೆ. ಆಮೇಲೆ ಅದನ್ನು ಕಲ್ಬತ್ತಿನಲ್ಲಿ ಕ್ಷಾರದ ನೀರು ಹಾಕಿ ಅರೆದು, ಒಂದು ಹನಿ ಗಾಜಿನ ಪಟ್ಟಿಗೆ ಇಟ್ಟು ನೋಡುವುದು. ಆರುನೂರು ಪಟ್ಟು ದೊಡ್ಡದಾಗಿ ಕಾಣುವ ಆ ಹನಿಯಲ್ಲಿ ಗಂಟು ರೋಗದ ಕಣ ಜೀರಿಗೆ ಅಕ್ಕಿಯ ಆಕಾರದಲ್ಲಿ, ತಿಳಿ ಹಸಿರು ಬೆರೆತ ಹೊಳಪಿನಲ್ಲಿ ನಡುಗುತ್ತಿರುತ್ತದೆ. ಉದ್ದ ಮೂರು ನಾಲ್ಕು ಮೈಕ್ರಾನು. ಕರೆಂಟು ಹೋದರೆ ಕೆಳಗಿನ ಕನ್ನಡಿಯನ್ನು ಕಿಟಕಿಗೆ ತಿರುಗಿಸಿಕೊಂಡು ಸೂರ್ಯನ ಬೆಳಕಲ್ಲೇ ನೋಡುತ್ತಿದ್ದೆವು. ನನಗೆ ಆ ಬೆಳಕೇ ಹೆಚ್ಚು ಇಷ್ಟವಾಗಿತ್ತು.

ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಹನಿಯಲ್ಲಿ ಕೊಬ್ಬಿನ ಬಿಂದುಗಳೂ ಇರುತ್ತವೆ, ಅವೂ ಹೊಳೆಯುತ್ತವೆ. ಅವು ದುಂಡು, ಕಣ ಉದ್ದುರುಟು. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬಿಂದುವಿನ ಅಂಚು ಹಿಗ್ಗಿ ಕುಗ್ಗುತ್ತದೆ, ಕಣ ಹಾಗೆ ಮಾಡುವುದಿಲ್ಲ. ನಾನು ತಿರುಪು ಆಡಿಸದೆ ಮೂರು ಚಿಟ್ಟೆಗೆ ರೋಗ ಅಂತ ಬರೆದೆ. ಹಿರಿಯರು ಮತ್ತೆ ನೋಡುವ ಹೊತ್ತಿಗೆ ಹಾಳೆ ಸುಟ್ಟಾಗಿತ್ತು. ಸಾವಿರದ ಮೇಲೆ ಮೊಟ್ಟೆ, ಎಲ್ಲವೂ ಚೆನ್ನಾಗಿದ್ದವು. ಯಾರೂ ನನ್ನನ್ನು ಬಯ್ಯಲಿಲ್ಲ. ಮಾರನೆಯ ದಿನದಿಂದ ಪ್ರತಿ ಹನಿಗೂ ಮೂರು ಸಲ ತಿರುಪು ಆಡಿಸುವುದು ರೂಢಿಯಾಯಿತು. ಆ ರೂಢಿ ಕೊನೆಯ ದಿನದವರೆಗೂ ಬಿಡಲಿಲ್ಲ.

ಸೂಕ್ಷ್ಮದರ್ಶಕದ ನೋಟ ತೀರ್ಪಿನ ನೋಟ. ಇಡಬೇಕೋ ಸುಡಬೇಕೋ, ಅಷ್ಟೇ. ಅವ್ವನ ನೋಟವೂ ಹಾಗೆಯೇ, ಸೊಪ್ಪು ಹಾಕಬೇಕೋ ಬೇಡವೋ. ನಾವು ಇಡೀ ದಿನ ಹತ್ತಿರದಿಂದ ನೋಡುತ್ತಿದ್ದೆವು, ಆದರೆ ನೋಡಿದ್ದರ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸುವ ಹಾಗಿರಲಿಲ್ಲ. ಅರೆಯುವ ಮುಂಚೆ ಬೆರಳ ಮೇಲೆ ಕೂತ ಚಿಟ್ಟೆಯ ಮೀಸೆಯನ್ನು, ಬಾಚಣಿಗೆಯಂಥ ಆ ಮೀಸೆಯನ್ನು, ಬರೀ ನೋಡುವುದಕ್ಕಾಗಿ ನೋಡಬೇಕು ಅನ್ನಿಸುತ್ತಿತ್ತು. 1987ರಲ್ಲಿ ಹಳೆಯ ಜೆನಿಟ್ ಕ್ಯಾಮೆರಾ ಕೊಂಡದ್ದು ಅದಕ್ಕೇ. ರಷ್ಯಾದ ಮಾಲು, ಕಬ್ಬಿಣದ ತೂಕ, ಜೊತೆಗೆ 58 ಮಿಲಿಮೀಟರ್ ಲೆನ್ಸು. ಅದನ್ನು ಮಾರಿದವರೇ ಮೂರು ಅಲ್ಯುಮಿನಿಯಂ ಬಳೆಗಳನ್ನೂ ಕೊಟ್ಟರು.

ಆ ಬಳೆಗಳಲ್ಲಿ ಗಾಜಿಲ್ಲ, ಒಳಗೆ ಖಾಲಿ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿದರೆ ಲೆನ್ಸು ಫಿಲ್ಮಿನಿಂದ ದೂರವಾಗುತ್ತದೆ, ವಸ್ತುವಿಗೆ ಹತ್ತಿರ ಹೋಗಬಹುದು. ಲೆನ್ಸಿನ ಅಳತೆಯಷ್ಟೇ ಉದ್ದದ ಬಳೆ ಹಾಕಿದರೆ ವಸ್ತು ಇದ್ದಷ್ಟೇ ಗಾತ್ರದಲ್ಲಿ ಫಿಲ್ಮಿನ ಮೇಲೆ ಬೀಳುತ್ತದೆ. ಬೆಳಕು ಮಾತ್ರ ಕಾಲುಭಾಗಕ್ಕೆ ಇಳಿಯುತ್ತದೆ. ಕಣ್ಣು ಚೊಕ್ಕವಾಗಿ ಬಿದ್ದರೆ ಬಾಲ ಮಬ್ಬು, ಬಾಲ ಹಿಡಿದರೆ ಕಣ್ಣು ಮಬ್ಬು. ಬೆಳಕು ಕಡಿಮೆ ಅಂದಮೇಲೆ ಶಟರು ಹೆಚ್ಚು ಹೊತ್ತು ತೆರೆದಿರಬೇಕು, ಉಸಿರಾಡಿದರೂ ಚಿತ್ರ ಅಲುಗುತ್ತದೆ. ನನ್ನಲ್ಲಿ ಸ್ಟ್ಯಾಂಡ್ ಇರಲಿಲ್ಲ. ಬಟ್ಟೆ ಚೀಲಕ್ಕೆ ಎರಡು ಸೇರು ರಾಗಿ ತುಂಬಿ, ಕ್ಯಾಮೆರಾವನ್ನು ಅದರ ಮೇಲೆ ಅದುಮಿ ಕೂರಿಸಿದೆ. ರಾಗಿ ಜರುಗಿ, ಒಗ್ಗಿ, ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೆಳಕಿಗೆ ಮೂಡಲ ಕಿಟಕಿ, ನೆರಳಿನ ಕಡೆಗೆ ಒಂದು ಬಿಳಿ ತಟ್ಟೆ. ಫಿಲ್ಮು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’, ಕಪ್ಪುಬಿಳುಪು.

ಮೊದಲ ರೋಲಿನ ಮೂವತ್ತಾರರಲ್ಲಿ ಮೂವತ್ತೈದು ಹಾಳಾದವು. ಉಳಿದ ಒಂದು, ಜ್ವರಕ್ಕೆ ಕೂತ ಹುಳು. ಅದು ಅಲ್ಲಾಡಲಿಲ್ಲ, ಅದಕ್ಕೇ ಉಳಿಯಿತು. ಹೆಚ್ಚೂಕಡಿಮೆ ಒಂದು ದಿನ ತಲೆ ಎತ್ತಿ ನಿಲ್ಲುವ ಜೀವ ಇನ್ಯಾವುದಿದೆ? ಅವ್ವ ಹೇಳುತ್ತಿದ್ದ ಆ ಕಂದು ಮುಮ್ಮೂಲೆ, ಪಕ್ಕೆಯ ಉದ್ದಕ್ಕೂ ಉಸಿರಾಡುವ ಒಂಬತ್ತು ಕಿಂಡಿಗಳು, ಎಲ್ಲ ಕಂಡವು. ಎಷ್ಟೋ ಸಾವಿರ ಹುಳು ನೋಡಿದ್ದ ನಾನು ಕಿಂಡಿಗಳನ್ನು ಒಂದೊಂದಾಗಿ ಎಣಿಸಿದ್ದು ಅದೇ ಮೊದಲು.

ಆಮೇಲೆ ಈ ವಿದ್ಯೆಯ ಹಿಂದಿನದನ್ನು ಹುಡುಕಿ ಓದತೊಡಗಿದೆ. ಛಾಯಾಚಿತ್ರ ಹುಟ್ಟಿದ 1839ರ ಆಸುಪಾಸಿನಲ್ಲೇ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಸೂರ್ಯನ ಬೆಳಕಿನ ಸೂಕ್ಷ್ಮದರ್ಶಕದಿಂದ ಹುಳುಹುಪ್ಪಟೆಯ ರೆಕ್ಕೆಯ ಚಿತ್ರ ತೆಗೆದಿದ್ದ. 1843ರಲ್ಲಿ ಆನ್ನಾ ಅಟ್ಕಿನ್ಸ್ ಎಂಬಾಕೆ ಕ್ಯಾಮೆರಾವೇ ಇಲ್ಲದೆ, ಕಡಲ ಪಾಚಿಯನ್ನು ನೀಲಿ ಅಚ್ಚಿನ ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ ಪುಸ್ತಕ ಮಾಡತೊಡಗಿದಳು. ಛಾಯಾಚಿತ್ರ ಕಲಿತವರು ಮೊದಲಿಗೇ ಕೈಹಾಕಿದ ವಸ್ತುಗಳಲ್ಲಿ ಎಲೆ, ರೆಕ್ಕೆ, ಪಾಚಿಗಳಿದ್ದವು ಅನ್ನುವುದು ನನಗೆ ಧೈರ್ಯ ಕೊಟ್ಟಿತು. ಇನ್ನೊಂದು ಸಂಗತಿ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿಕಾನ್ ಕಂಪನಿಯ ಮೈಕ್ರೋ ಲೆನ್ಸು 1956ರಲ್ಲಿ ಬಂದದ್ದು ಹೂವಿಗಾಗಿ ಅಲ್ಲ, ಹುಳಕ್ಕಾಗಿಯೂ ಅಲ್ಲ, ಅಕ್ಷರಕ್ಕಾಗಿ. ಜಪಾನಿನ ಪುಸ್ತಕಗಳನ್ನು ಪುಟ್ಟ ಫಿಲ್ಮಿಗೆ ಇಳಿಸುವಾಗ ಗೆರೆ ಮೇಲೆ ಗೆರೆ ಇರುವ ಅವರ ಅಕ್ಷರಗಳು ಕಲಸಿಹೋಗುತ್ತಿದ್ದವು, ಅದಕ್ಕಾಗಿ ಆ ಲೆನ್ಸು ಕಟ್ಟಿದರು. ನಮ್ಮ ಒತ್ತಕ್ಷರಗಳನ್ನು ಹಳೆಯ ದಿನಪತ್ರಿಕೆಯಲ್ಲಿ ಓದಲು ಅವ್ವ ಹಾಳೆಯನ್ನು ಮೂಗಿಗೆ ತಾಗಿಸಿಕೊಳ್ಳುತ್ತಿದ್ದುದು ನೆನಪಾಯಿತು.

ಬೆಂಗಳೂರಿನಲ್ಲಿ 1971ರಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಟಿ.ಎನ್.ಎ. ಪೆರುಮಾಳ್ ಕಾಡಿನ ಇರುಳನ್ನೇ ಫ್ಲ್ಯಾಶಿನಲ್ಲಿ ಹಿಡಿದು, ಎಷ್ಟೋ ಕಿರಿಯರನ್ನು ತಯಾರು ಮಾಡಿದ್ದರು. ಅತ್ತ ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು. ಅವರ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಕಾಯುವ ಸಹನೆ ಬೆಳೆಯಿತು. ಆದರೆ ಅವರಂತೆ ಕಾಡಿಗೆ ಹೋಗುವುದು ನನ್ನಿಂದಾಗುವ ಮಾತಾಗಿರಲಿಲ್ಲ. ಕಾವೇರಿ ವನ್ಯಧಾಮ ನಮ್ಮ ಪಕ್ಕದಲ್ಲೇ 1987ರಲ್ಲಿ ಘೋಷಣೆಯಾಯಿತು, ನಾನು ಚಿತ್ರ ತೆಗೆದದ್ದೆಲ್ಲ ಅಂಗಳದ ಒಳಗೆ. ಹುಳು ಗೂಡು ಕಟ್ಟುವ ಬಿದಿರು ಚಂದ್ರಿಕೆಯ ಸೀಳಿಗೆ ಸಿಕ್ಕಿಕೊಂಡು ಉಳಿದ ರೇಷ್ಮೆ ನವಿರು. ಸೊಪ್ಪು ಹೆಚ್ಚುವ ಕತ್ತಿಯ ಸವೆದ ಬಾಯಿ. ಮಕ್ಕಳು ಆಡಿ ಬಿಟ್ಟ ಚನ್ನಪಟ್ಟಣದ ಬುಗುರಿ, ಅದರ ಹೊಳೆಯುವ ಅರಗಿನ ಮೇಲೆ, ಕಡೆಯುವಾಗ ಒತ್ತಿ ಹಿಡಿದ ಗರಿ ಉಳಿಸಿದ ಸುತ್ತುಗೆರೆ. ಅರಗೂ ಒಂದು ಹುಳದ್ದೇ, ರೇಷ್ಮೆಯೂ ಒಂದು ಹುಳದ್ದೇ. ಎರಡು ಹುಳು ಸಾಕಿದ ಸೀಮೆ ಇದು.

ರಾಗಿ ಹೂವನ್ನು ಹಿಡಿಯಲು ನನಗೆ ಮೂರು ವರ್ಷ ಬೇಕಾಯಿತು. ತೆನೆ ಎಲ್ಲರೂ ನೋಡಿರುತ್ತಾರೆ, ಹೂವನ್ನು ನೋಡಿದವರು ಕಡಿಮೆ. ಹೊಟ್ಟಿನ ನಡುವಿನಿಂದ ಕೇಸರಗಳು ಬೆಳಗಿನ ಜಾವ ಒಂದಿಷ್ಟು ಹೊತ್ತು ಈಚೆ ಬಂದು ಬಾಡುತ್ತವೆ, ತನ್ನ ಹೂವಿಗೆ ತಾನೇ ಪರಾಗ ಕಟ್ಟಿಕೊಂಡಾಗಿರುತ್ತದೆ. ಇಷ್ಟು ಪುಟ್ಟ ಹೂವುಗಳನ್ನು ಬೆರೆಸಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಮಾಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನನ್ನ ಚಿತ್ರ ನೋಡಿದ ಮೇಲೆ ಆ ಕೆಲಸ ಎಂಥದ್ದು ಅಂತ ನನಗೆ ಅರ್ಥವಾಯಿತು. ಅವರ ಬೆರಳುಗಳಿಗೆ ಇಲ್ಲಿಂದಲೇ ಕೈ ಮುಗಿದೆ.

ಈಗ ಹುಡುಗರ ಮೊಬೈಲಿನಲ್ಲೇ ಮ್ಯಾಕ್ರೋ ಇದೆ. ಕಬ್ಬಾಳು ಬೆಟ್ಟಕ್ಕೆ ಹೋದವರು ಇಬ್ಬನಿ ಹಿಡಿದ ಜೇಡರ ಬಲೆ ತೆಗೆದು ತರುತ್ತಾರೆ. ಒಳ್ಳೆಯದೇ. ಬದಲಾದದ್ದು ಹುಳು ಮನೆ. ಮೊಟ್ಟೆ ಹಾಳೆ ಈಗ ರೈತರ ಮನೆಗೆ ಬರುವುದು ಅಪರೂಪ. ಮರಿ ಹುಳು ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಬಿದಿರು ತಟ್ಟೆಯ ಜಾಗದಲ್ಲಿ ಕಡ್ಡಿ ಸೊಪ್ಪಿನ ಅಟ್ಟಣೆ, ಬಿದಿರು ಚಂದ್ರಿಕೆಯ ಬದಲು ಪ್ಲಾಸ್ಟಿಕ್ಕು. ಇಳುವರಿ ಹೆಚ್ಚಿತು, ಹೆಂಗಸರ ಸೊಂಟ ಉಳಿಯಿತು. ಆದರೆ ಮೊಟ್ಟೆ ಒಡೆಯುವ ಹಿಂದಿನ ದಿನ ಹಾಳೆಯೆಲ್ಲ ನೀಲಿಗೆ ತಿರುಗುತ್ತಿತ್ತಲ್ಲ, ಆ ನೀಲಿಯನ್ನು ನೋಡಿದ ಮಕ್ಕಳು ಈಗ ನಮ್ಮೂರಲ್ಲಿ ಕಾಣೆ. ನನ್ನ ನಡುಮನೆಯ ಚಿತ್ರದಲ್ಲಿ ಬಣ್ಣವಿಲ್ಲ. ಅದೊಂದು ಕೊರಗು ನನಗೆ ಉಳಿದಿದೆ.

ಇನ್ನೊಂದು ಚಿತ್ರದ ಮಾತು ಹೇಳಬೇಕು. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಹುಳದ ಮೈಮೇಲೆ ಸುಣ್ಣದ ಚುಕ್ಕೆಯಂತೆ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಎರಡು ಮೂರು ದಿನಕ್ಕೆ ಅದು ಒಡೆದು ಮರಿ ಒಳಗೆ ಕೊರೆದುಕೊಂಡು ಹೋಗುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಕಲೆ. ಗೂಡು ಕಟ್ಟಿದರೂ ಊಜಿ ತೂತು ಮಾಡಿ ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ಆಗಿನ್ನೂ ಕಿಟಕಿಗೆ ಪರದೆ ಇಲ್ಲ. ಆ ವರ್ಷ ನಮ್ಮ ಎರಡು ಬೆಳೆ ಹೋಯಿತು. ಅವ್ವ ಇರುಳೆಲ್ಲ ಬುಡ್ಡಿ ಹಿಡಿದು, ಒಂದೊಂದು ಹುಳವನ್ನೂ ಎತ್ತಿ, ಬಿಳಿ ಚುಕ್ಕೆ ಕಂಡಲ್ಲಿ ಉಗುರಿನ ತುದಿಯಿಂದ ಮೆಲ್ಲಗೆ ಕೆರೆದು ತೆಗೆಯುತ್ತಿದ್ದಳು. ಸಾವಿರಾರು ಹುಳು, ಒಂದು ಉಗುರು.

ಆ ಚುಕ್ಕೆಯನ್ನು ನಾನು 1990ರಲ್ಲಿ ಚಿತ್ರ ಮಾಡಿದೆ. ಹೋದ ವರ್ಷ ಅದನ್ನು ದಿನಪತ್ರಿಕೆಯ ಪುಟದಷ್ಟು ದೊಡ್ಡದು ಮಾಡಿಸಿ ತಂದೆ. ಅವ್ವನಿಗೆ ತೊಂಬತ್ತು ದಾಟಿದೆ, ಕಣ್ಣು ಮಂಜು. ಜಗುಲಿಯಲ್ಲಿ ಕೂತಿದ್ದವಳ ತೊಡೆಯ ಮೇಲೆ ಇಟ್ಟೆ. ಏನಂತ ಹೇಳಲಿಲ್ಲ. ಅವಳು ಹಾಳೆಯನ್ನು ಎತ್ತಿ ಬಿಸಿಲಿಗೆ ಓರೆ ಮಾಡಿದಳು, ಮುಖ ಹತ್ತಿರ ತಂದಳು, ಕೈಯಾಡಿಸುತ್ತಾ ಗೆಣ್ಣಿನಿಂದ ಗೆಣ್ಣಿಗೆ ಬಂದಳು. ಮೂರನೆಯ ಗೆಣ್ಣಿನ ಹತ್ತಿರ ಬೆರಳು ನಿಂತಿತು. ಉಗುರಿನ ತುದಿಯಿಂದ ಆ ಬಿಳಿ ಚುಕ್ಕೆಯನ್ನು ಮೆಲ್ಲಗೆ ಕೆರೆಯತೊಡಗಿದಳು.

“ಇನ್ನೂ ಕಪ್ಪು ಬಿದ್ದಿಲ್ಲ ಕಣವ್ವ,” ಅಂದಳು. “ಈಗಲೇ ತೆಗ್ದಾಕುದ್ರೆ ಉಳ್ಕತದೆ.”